ಇಪ್ಪತ್ತು ಸರ್ವಿಸ್‌ಗಳ ಲೆಕ್ಕ

ಕಳೆದ ಜುಲೈನಲ್ಲಿ ನಮ್ಮ ಕಾಲೇಜಿನ ಸಭಾಂಗಣದ ಕುರ್ಚಿಗಳನ್ನು ಬದಿಗೆ ಸರಿಸಿ ಬ್ಯಾಡ್ಮಿಂಟನ್ ನೆಟ್ ಕಟ್ಟಿದರು. ಅಲ್ಲಿಯವರೆಗೆ ನಾನು ರಾಕೆಟ್ ಹಿಡಿದವಳೇ ಅಲ್ಲ. ಮೊದಲ ಹತ್ತು ಸರ್ವಿಸ್‌ಗಳಲ್ಲಿ ಎಂಟು ನೆಟ್‌ಗೆ ಬಡಿದವು, ಒಂದರಲ್ಲಿ ಶಟಲ್ ರಾಕೆಟ್‌ಗೆ ತಾಗಲೇ ಇಲ್ಲ. ಕುಳಿತು ನೋಡುತ್ತಿದ್ದವರು ನಕ್ಕರು. ಅವರಲ್ಲಿ ನನ್ನ ಸ್ನೇಹಿತೆಯರೂ ಇದ್ದರು. ಒಂದು ವಾರ ತಲೆನೋವಿನ ನೆಪ ಹೇಳಿ ಆ ಕಡೆ ಹೋಗಲಿಲ್ಲ.

ಸರ್ವಿಸ್ ನೋಡಲು ಸುಲಭ. ಈಗಿನ ನಿಯಮದ ಪ್ರಕಾರ ಹೊಡೆಯುವಾಗ ಶಟಲ್ ಪೂರ್ತಿಯಾಗಿ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ನೆಟ್ ನಡುವಿನಲ್ಲಿ 1.524 ಮೀಟರ್ ಎತ್ತರ ಇರುತ್ತದೆ. ಆದ್ದರಿಂದ ಶಟಲ್ ಮೇಲೇರಿ ನೆಟ್ ದಾಟಬೇಕು. ಶಾರ್ಟ್ ಸರ್ವಿಸ್ ಆದರೆ ದಾಟಿದ ಕೂಡಲೇ ಇಳಿದು, ನೆಟ್‌ನಿಂದ 1.98 ಮೀಟರ್ ದೂರದ ಗೆರೆಯ ಆಚೆ, ಹತ್ತಿರದಲ್ಲೇ ಬೀಳಬೇಕು. ಎತ್ತರ ಹೋದರೆ ಎದುರಿನವರು ಸ್ಮ್ಯಾಶ್ ಹೊಡೆಯುತ್ತಾರೆ.

ದೈಹಿಕ ಶಿಕ್ಷಣದ ಮೇಡಂ ನನ್ನನ್ನು ಕರೆದು, "ಸದ್ಯಕ್ಕೆ ಆಟ ಬೇಡ. ದಿನಕ್ಕೆ ಇಪ್ಪತ್ತು ಸರ್ವಿಸ್ ಮಾಡು, ಎಷ್ಟು ಸರಿಹೋಯಿತು ಬರೆದಿಡು, ಯಾರಾದರೂ ಒಬ್ಬರಿಗೆ ಹೇಳು" ಎಂದರು. ಎಲ್ಲರಿಗೂ ಅಲ್ಲ, ಒಬ್ಬರಿಗೆ. ನಾನು ಆರಿಸಿಕೊಂಡದ್ದು ನಾನಿಮಾರನ್ನು. ಅವರಿಗೆ ಬ್ಯಾಡ್ಮಿಂಟನ್ ಗೊತ್ತಿಲ್ಲ, ಅಂಕಿ ಮಾತ್ರ ಮರೆಯುವುದಿಲ್ಲ. ಸಂಜೆ ಬಾಗಿಲಲ್ಲೇ "ಆಜ್ ಕಿತ್ತೇ?" ಎಂದು ಕೇಳುವರು. ಇವತ್ತು ಎಷ್ಟು? ಮೊದಲ ದಿನ 20ಕ್ಕೆ 3. ಎರಡು ವಾರದ ಮೇಲೆ 9.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಈ ವಿಷಯದ ಬಗ್ಗೆ ಬರೆದಿದ್ದಾರೆ. 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದಂತೆ: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರು ಮಾಡುವುದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ಮತ್ತು ಆ ಹೊತ್ತಿನ ದೇಹ-ಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. 'ನಿನ್ನಿಂದ ಆಗುತ್ತೆ' ಎಂದು ಬೆನ್ನು ತಟ್ಟಿದವರು ನನಗೂ ಇದ್ದರು. ಆದರೆ ಕೈ ನಡುಗುವಾಗ ನೆನಪಾಗುತ್ತಿದ್ದದ್ದು ಆ 9.

ಇಷ್ಟರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಸೆಪ್ಟೆಂಬರಿನ ಒಂದು ದಿನ 20ಕ್ಕೆ 5 ಮಾತ್ರ ಬಂತು. ನಾಚಿಕೆಯಾಗಿ ಪುಸ್ತಕದಲ್ಲಿ 13 ಎಂದು ಬರೆದೆ, ನಾನಿಮಾಗೂ ಹಾಗೇ ಹೇಳಿದೆ. ಅವರು ಖುಷಿಯಿಂದ ಪಕ್ಕದ ಮನೆಯ ಖಾಲಾಗೂ ಹೇಳಿಬಿಟ್ಟರು. ಮುಂದಿನ ವಾರ ಸೆಕ್ಷನ್‌ಗಳ ನಡುವೆ ಪಂದ್ಯ. ಸರ್ವಿಸ್ ತಪ್ಪಿದರೆ ಎದುರಾಳಿಗೆ ನೇರವಾಗಿ ಒಂದು ಪಾಯಿಂಟ್. ಶಟಲ್ ಹಿಡಿದಾಗ ನೆನಪಾದದ್ದು 13, ಆದರೆ ಅದು ಸುಳ್ಳೆಂದು ನನ್ನ ಕೈಗೆ ಗೊತ್ತಿತ್ತು. 21–9, 21–12ರಲ್ಲಿ ಸೋತೆ.

ಅಕೌಂಟೆನ್ಸಿಯಲ್ಲಿ ತಪ್ಪು ನಮೂದನ್ನು ಅಳಿಸಿ ಮೇಲೆ ಬರೆಯುವಂತಿಲ್ಲ ಎಂದು ಕಲಿತಿದ್ದೇವೆ. ಅದು ಇದ್ದಲ್ಲೇ ಇರುತ್ತದೆ, ಬೇರೆ ತಿದ್ದುಪಡಿ ನಮೂದು ಬರೆಯಬೇಕು. ನಾನೂ ಹಾಗೇ ಮಾಡಿದೆ: '13 ತಪ್ಪು, ಸರಿಯಾದದ್ದು 5.' ನಾನಿಮಾಗೆ ಹೇಳುವುದು ಬರೆಯುವುದಕ್ಕಿಂತ ಕಷ್ಟವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಐದು ಅಂತ ಇಟ್ಟುಕೊಳ್ಳುತ್ತೇನೆ. ಇವತ್ತು ಎಷ್ಟು?" ಎಂದರು.

ನಮ್ಮ ರಾಜ್ಯದ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ಎಲ್ಲರಿಗೂ ಗೊತ್ತು. 1962ರ ರಾಜ್ಯ ಜೂನಿಯರ್ ಪಂದ್ಯಾವಳಿಯಲ್ಲಿ ಅವರು ಮೊದಲ ಸುತ್ತಿನಲ್ಲೇ ಸೋತಿದ್ದರು, ಎರಡು ವರ್ಷದ ನಂತರ ಅದೇ ಪ್ರಶಸ್ತಿ ಗೆದ್ದರು. ಅವರು ಬೆಂಗಳೂರಿನಲ್ಲಿ ಅಭ್ಯಾಸ ಮಾಡಿದ್ದು ಮದುವೆ ನಡೆಯುವ ಹಾಲ್‌ನಲ್ಲಿ. ಕುರ್ಚಿ ಸರಿಸುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಈ ಲೇಖನ ಬರೆಯುವ ದಿನದ ಲೆಕ್ಕ 20ಕ್ಕೆ 14. ಲಾಂಗ್ ಸರ್ವಿಸ್ ಇನ್ನೂ ಬಂದಿಲ್ಲ. ಫಸ್ಟ್ ಪಿಯುಸಿಯ ಇಬ್ಬರು ಹುಡುಗಿಯರು ನನ್ನ ಪುಸ್ತಕದ ಹಿಂದಿನ ಪುಟಗಳಲ್ಲಿ ತಮ್ಮ ಲೆಕ್ಕ ಶುರುಮಾಡಿದ್ದಾರೆ. ಮೊನ್ನೆ ಒಬ್ಬಳು 20ಕ್ಕೆ 2 ಎಂದು ಬರೆದು ಅಂಗೈಯಿಂದ ಮುಚ್ಚಿಕೊಂಡಳು. ನಾನು ಪುಸ್ತಕ ತಿರುಗಿಸಿ ನನ್ನ ಮೊದಲ ಪುಟ ತೋರಿಸಿದೆ.