ಬಾಕಿ ಉಳಿದ ತೋಳು, ಜೋಮು ಹಿಡಿದ ಕೈ

ಪ್ರಶ್ನೆ: ನಾನು ಹೊಳೆನರಸೀಪುರ ತಾಲ್ಲೂಕು ಹಳೇಕೋಟೆ ಹೋಬಳಿಯವಳು. ವಯಸ್ಸು 36. ಮನೆಯಲ್ಲಿ ಯಜಮಾನರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ. ಎರಡು ಸೀಮೆಹಸು ಇವೆ. ಪೇಟೆಯ ಅಂಗಡಿಗಳಿಂದ ಸೀರೆ ತಂದು ಕುಚ್ಚು ಹಾಕಿಕೊಡುತ್ತೇನೆ. ಅದರಲ್ಲಿ ಇದುವರೆಗೆ ಒಂದು ಸೀರೆಯನ್ನೂ ಹೇಳಿದ ದಿನಕ್ಕೆ ತಪ್ಪಿಸಿಲ್ಲ. ಆದರೆ ನನಗೆ ಪ್ರಾಣ ಇರುವುದು ಹೈಸ್ಕೂಲಿನಲ್ಲಿ ಟೀಚರೊಬ್ಬರು ಕಲಿಸಿದ ಉಲ್ಲನ್ ಹೆಣಿಗೆಯಲ್ಲಿ. ಅದರಲ್ಲಿ ಮಾತ್ರ ಹಿಡಿದ ಕೆಲಸ ಒಂದೂ ಮುಗಿಯುವುದಿಲ್ಲ. ಯಜಮಾನರ ಸ್ವೆಟರಿಗೆ ಒಂದು ತೋಳು ಬಾಕಿ. ಮಗಳಿಗೆ ಅಂತ ಶುರುಮಾಡಿದ್ದು ಈಗ ಮಗನಿಗೂ ಬಿಗಿ. ತಂಗಿಯ ಮಗುವಿಗೆ ಕುಲಾವಿ ಹಾಕುತ್ತಿದ್ದೆ, ಆ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಅತ್ತೆಯ ಶಾಲು, ಬಾಗಿಲ ತೋರಣ, ಮಂಚದ ಹೊದಿಕೆಗೆ ಅಂತ ಮಾಡಿಟ್ಟ ಚೌಕಗಳು, ಎಲ್ಲವೂ ಟ್ರಂಕಿನಲ್ಲಿ ಅರ್ಧಂಬರ್ಧ ಬಿದ್ದಿವೆ. ಮೊನ್ನೆ ಗೃಹಲಕ್ಷ್ಮಿ ಯೋಜನೆಯ ದುಡ್ಡಲ್ಲಿ ಮತ್ತೆ ಉಲ್ಲನ್ ತಂದೆ. ಯಜಮಾನರು “ನಿಂದು ಬರೀ ಆರಂಭಶೂರತನ, ಮೊದ್ಲು ಟ್ರಂಕ್ ಖಾಲಿ ಮಾಡು” ಅಂದರು. ಅತ್ತೆ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕಡ್ಡಿ ಹಿಡಿದರೆ ನಾಲ್ಕು ಸಾಲು ಆಗುವಷ್ಟರಲ್ಲಿ ಕೈ ಜೋಮು ಹಿಡಿಯುತ್ತದೆ, ಇಟ್ಟುಬಿಡುತ್ತೇನೆ. ನನ್ನ ಮನಸ್ಸಿನಲ್ಲೇ ಏನಾದರೂ ದೋಷ ಇದೆಯಾ? ಉಲ್ಲನ್ ಪೂರ್ತಿ ಬಿಟ್ಟುಬಿಡಲಾ?

— ಹಳೇಕೋಟೆ ಹೋಬಳಿಯ ಓದುಗರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡಬೇಡಿ.

ನಿಮ್ಮ ಪತ್ರದಲ್ಲಿ ಟ್ರಂಕಿನ ವಿಷಯ ಉದ್ದಕ್ಕೆ ಬಂದಿದೆ, ಕೈಯ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ. ನನಗೆ ಆತಂಕವಾಗಿದ್ದು ಆ ಒಂದು ಸಾಲನ್ನು ಓದಿ. ಜೋಮು ಹಿಡಿಯುವುದು ಯಾವ ಬೆರಳುಗಳಿಗೆ ಎಂದು ಇವತ್ತು ರಾತ್ರಿ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಒಂದು ಪಕ್ಕ ಹೀಗೆ ಹಿಡಿದು ಕಿರುಬೆರಳು ಮಾತ್ರ ಚೆನ್ನಾಗಿದ್ದರೆ, ನಡುರಾತ್ರಿ ಎಚ್ಚರವಾಗಿ ಕೈ ಕೊಡವಿಕೊಂಡರೆ ಸ್ವಲ್ಪ ಹಾಯೆನಿಸಿದರೆ, ಅದು ಕಾರ್ಪಲ್ ಟನೆಲ್ ಎನ್ನುವ ತೊಂದರೆ ಇರಬಹುದು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ ಸ್ನಾಯುರಜ್ಜುಗಳು ಮತ್ತು ಒಂದು ಮುಖ್ಯ ನರ ಅದರೊಳಗೆ ಒಟ್ಟಿಗೇ ಹಾದುಹೋಗುತ್ತವೆ. ಅಲ್ಲಿ ಊತ ಬಂದರೆ ನರ ಅದುಮಿಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇನ್ನೂ ಹೆಚ್ಚು.

ಈಗ ನಿಮ್ಮ ದಿನವನ್ನು ನೋಡಿ. ಬೆಳಗ್ಗೆ, ಸಂಜೆ ಎರಡು ಹಸುವಿನ ಹಾಲು ಕರೆಯುತ್ತೀರಿ. ಹಗಲು ಸೂಜಿಯಷ್ಟು ತೆಳ್ಳನೆಯ ಕ್ರೋಶಾ ಕಡ್ಡಿಯನ್ನು ಬಿಗಿಯಾಗಿ ಹಿಡಿದು ರೇಷ್ಮೆ ದಾರದಲ್ಲಿ ಕುಚ್ಚು ಹಾಕುತ್ತೀರಿ. ನಡುವೆ ಬಟ್ಟೆ ಹಿಂಡುವುದು, ಮುದ್ದೆ ತಿರುವುವುದು. ಅಷ್ಟೂ ಆದ ಮೇಲೆ ಉಳಿದ ಕೈಯನ್ನು ಉಲ್ಲನ್ನಿಗೆ ಕೊಡುತ್ತಿದ್ದೀರಿ. ಆ ಕೈ ನಾಲ್ಕೇ ಸಾಲಿಗೆ ಸೋತರೆ ಅದಕ್ಕೆ ಆರಂಭಶೂರತನ ಎಂದು ಹೆಸರಿಡುವುದು ಅನ್ಯಾಯ. ಹೊಳೆನರಸೀಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಮುಂದೆ ಕಳಿಸಿದರೆ ಹಾಸನದ ಹಿಮ್ಸ್ ಆಸ್ಪತ್ರೆ ಇದೆ. ಹೋದಾಗ ಸಕ್ಕರೆ, ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಆರಂಭದಲ್ಲೇ ತೋರಿಸಿದರೆ ಎಷ್ಟೋ ಸಲ ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿರುವಂತೆ ಪಟ್ಟಿ ಕಟ್ಟಿಕೊಳ್ಳುವುದರಲ್ಲೇ ಬಹಳ ಗುಣ ಕಾಣುತ್ತದೆ. ಹಾಗೇ ಬಿಟ್ಟರೆ ಹೆಬ್ಬೆರಳಿನ ಬುಡದ ಮಾಂಸ ಸೊರಗಿ ಹಿಡಿತ ತಪ್ಪಬಹುದು. ಆಮೇಲೆ ಕುಚ್ಚೂ ಇಲ್ಲ, ಹಾಲೂ ಇಲ್ಲ. ಉಲ್ಲನ್ ಬಗ್ಗೆ ನಗುವ ಮನೆಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ, ಅದಕ್ಕೇ ಬರೆದೆ.

ಹೆಬ್ಬೆರಳನ್ನು ಒಳಕ್ಕೆ ಮಡಚಿ ಹಾಲು ಕರೆಯುವ ರೂಢಿ ಇದ್ದರೆ ಬಿಡಿ. ಅದು ಹಸುವಿನ ಮೊಲೆಗೂ ಒಳ್ಳೆಯದಲ್ಲವೆಂದು ಪಶುವೈದ್ಯರು ಹೇಳುತ್ತಲೇ ಬಂದಿದ್ದಾರೆ. ಇನ್ನೂ ಒಂದು: ಸಂಜೆಯ ಹಾಲನ್ನು ನಿಮ್ಮ ಯಜಮಾನರು ಕರೆಯಲಿ. ಡಾಕ್ಟರ್ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಅವರ ಎದುರಿಗೇ “ಹಾಲು ಕರೆಯಬಹುದಾ” ಎಂದು ಕೇಳಿ. ನೀವು ಹತ್ತು ಸಲ ಹೇಳಿದ್ದಕ್ಕಿಂತ ಡಾಕ್ಟರ್ ಒಂದು ಸಲ ಹೇಳಿದ್ದು ನಮ್ಮ ಮನೆಗಳಲ್ಲಿ ನಡೆಯುತ್ತದೆ. ಬೇಸರದ ಸಂಗತಿಯೇ, ಆದರೂ ಉಪಯೋಗಿಸಿಕೊಳ್ಳಿ.

ಇನ್ನು ಮನಸ್ಸಿನ ದೋಷದ ಮಾತು. ಅಂಗಡಿಯ ಸೀರೆ ಒಂದೂ ತಪ್ಪಿಲ್ಲ ಎಂದು ನೀವೇ ಬರೆದಿದ್ದೀರಿ. ಹಿಡಿದ ಕೆಲಸ ಮುಗಿಸುವ ಗುಣವೇ ಇಲ್ಲದವರ ಕೈಗೆ ಯಾವ ಅಂಗಡಿಯವರೂ ವರಮಹಾಲಕ್ಷ್ಮಿ ಹಬ್ಬದ ಮುಂದೆ ಸೀರೆಯ ಗಂಟು ಕೊಡುವುದಿಲ್ಲ. ಹೊರಗಿನವರಿಗೆ ಮಾತು ಕೊಟ್ಟಿದ್ದು ಮುಗಿಯುತ್ತದೆ, ದಿನ ಗೊತ್ತಿರುವುದು ಮುಗಿಯುತ್ತದೆ, ದುಡ್ಡು ಬರುವುದು ಮುಗಿಯುತ್ತದೆ. ದಿನವೂ ಗೊತ್ತಿಲ್ಲದೆ, ಯಾರೂ ಕೇಳದೆ, ನಿಮ್ಮ ಪಾಲಿಗೆ ಮಾತ್ರ ಇರುವುದು ನಿಂತುಹೋಗುತ್ತದೆ. ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ ಎಂದು ಬಂತು. ಹೆಚ್ಚುಕಡಿಮೆ ಐದು ಗಂಟೆ ನಿಮ್ಮ ಲೆಕ್ಕದಿಂದ ಮೊದಲೇ ಕಳೆದುಹೋಯಿತು. ಹಾಸನಾಂಬೆ ಗುಡಿಯ ಬಾಗಿಲು ತೆಗೆದ ದಿನಗಳಲ್ಲಿ ನಿಮ್ಮ ಮನೆಗೆ ಬಂದಿಳಿಯುವ ನೆಂಟರನ್ನು ನಾನು ಇದರಲ್ಲಿ ಸೇರಿಸಿಲ್ಲ. ಊಟ ಹಾಕಿಸಿಕೊಂಡು ನಿಮ್ಮ ಟ್ರಂಕಿನ ಕಥೆಗೆ ನಗುವವರೂ ಅವರೇ ಇರಬೇಕು.

ಹಾಗಂತ ತಪ್ಪೆಲ್ಲ ಮನೆಯವರದು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಿ ಕಳಿಸುವುದಿಲ್ಲ. ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಸ್ವೆಟರು ನಿಂತಿದ್ದು ತೋಳಿನಲ್ಲಿ. ಹೊದಿಕೆಗೆ ಚೌಕಗಳು ಆಗಿವೆ, ಜೋಡಿಸುವುದು ಆಗಿಲ್ಲ. ಹೆಣೆಯುವಾಗ ಇರುವ ಖುಷಿ ಜೋಡಿಸುವಾಗ, ಹೊಲಿಯುವಾಗ, ದಾರದ ತುದಿ ಒಳಗೆ ಸೇರಿಸುವಾಗ ನಿಮಗೆ ಸಿಗುತ್ತಿಲ್ಲ. ಆ ಬೇಸರದ ಘಟ್ಟ ಬಂದಾಗ ಹೊಸ ಬಣ್ಣದ ಉಂಡೆ ಕೈಗೆ ಬರುತ್ತದೆ. ಪ್ರಪಂಚದ ತುಂಬ ಹೆಣೆಯುವವರು ಇದೇ ಜಾಗದಲ್ಲಿ ಎಡವುತ್ತಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ ಎಂಬಾಕೆ 1971ರಲ್ಲಿ ಹೆಣಿಗೆಯ ಬಗ್ಗೆ ಬರೆದ ಪುಸ್ತಕ ಹೆಸರುವಾಸಿಯಾಯಿತು. ಆಕೆ ಜನಪ್ರಿಯಗೊಳಿಸಿದ ದಾರಿ ಎಂದರೆ ತುಂಡು ತುಂಡು ಮಾಡಿ ಹೊಲಿಯುವ ರಗಳೆಯೇ ಬೇಡ, ಸ್ವೆಟರನ್ನು ಸುತ್ತಲೂ ಹೆಣೆಯಿರಿ ಎನ್ನುವುದು. ಒಡಲು ಒಂದು ಕೊಳವೆ, ತೋಳು ಎರಡು ಕೊಳವೆ, ಕಂಕುಳ ಹತ್ತಿರ ಮೂರನ್ನೂ ಒಂದೇ ಕಡ್ಡಿಗೆ ತಂದು ಕತ್ತಿನವರೆಗೆ ಹೋಗುವುದು. ಇದಕ್ಕೆ ಬೇಕಾಗುವುದು ನಡುವೆ ವೈರ್ ಇದ್ದು ಎರಡು ತುದಿಯಲ್ಲಿ ಕಡ್ಡಿ ಇರುವಂಥದ್ದು. ಹಾಸನದಲ್ಲಿ ಉಲ್ಲನ್ ಮಾರುವ ಅಂಗಡಿಗಳಲ್ಲಿ ಕೇಳಿ, ಇಲ್ಲದಿದ್ದರೆ ತರಿಸಿಕೊಡಲು ಹೇಳಿ. ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ 2023ರ ಜೂನ್‌ನಿಂದ ಬಸ್ಸಿಗೆ ದುಡ್ಡು ಎಂಬ ನೆಪ ನಮಗ್ಯಾರಿಗೂ ಉಳಿದಿಲ್ಲ. ಆ ಕಡ್ಡಿಯಲ್ಲಿ ಹೆಣೆದ ಬಟ್ಟೆಯ ಭಾರ ತೊಡೆಯ ಮೇಲೆ ಕೂರುವುದರಿಂದ ಮಣಿಕಟ್ಟಿಗೂ ಹಗುರ. ತೋಳುಗಳನ್ನು ಮೊದಲು ಮಾಡಿಟ್ಟುಕೊಳ್ಳಿ. ಒಡಲು ಆದ ಮೇಲೆ “ಇನ್ನೂ ತೋಳು ಇದೆಯಲ್ಲ” ಎಂಬ ಸಂಕಟವೇ ಇರುವುದಿಲ್ಲ.

ಟ್ರಂಕಿಗೆ ಬರೋಣ. ಅದನ್ನು ಖಾಲಿ ಮಾಡಲೇಬೇಕು ಎನ್ನುವ ಯಜಮಾನರ ಮಾತನ್ನು ನೀವು ಸಾಲ ಕೊಟ್ಟವರ ನೋಟಿಸಿನ ಹಾಗೆ ಎದೆಗೆ ಹಚ್ಚಿಕೊಂಡಿದ್ದೀರಿ. ಅದರಲ್ಲಿ ನಿಜವಾಗಿ ಯಾರಿಗೋ ಸಲ್ಲಬೇಕಾದ್ದು ಎಷ್ಟಿದೆ? ಕುಲಾವಿಯ ಮಗು ಅಂಗನವಾಡಿ ಸೇರಿತು, ಆ ಕೆಲಸ ತಾನಾಗಿ ಮುಗಿಯಿತು. ಬಿಚ್ಚಿಬಿಡಿ. ಇಲ್ಲವಾದರೆ ಮುಂದೆ ಯಾವ ಮನೆಯಲ್ಲಿ ಬಾಣಂತನ ಇದೆಯೋ ಅಲ್ಲಿಗಾಗುತ್ತದೆ, ಕುಲಾವಿಗೆ ಬೇಡಿಕೆ ತಪ್ಪಿದ ಊರಿಲ್ಲ. ಮಗಳ ಹಳೆಯ ಸ್ವೆಟರನ್ನು ಅನುಮಾನವೇ ಇಲ್ಲದೆ ಬಿಚ್ಚಿ. ಕುರ್ಚಿಯ ಬೆನ್ನಿಗೆ ಸುತ್ತುತ್ತ ಬಿಚ್ಚಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ನೆರಳಲ್ಲಿ ತೂಗುಹಾಕಿದರೆ ಸುರುಳಿ ಸುಮಾರಾಗಿ ಬಿಡುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ತಾಗಿಸಬೇಡಿ. ನಮ್ಮ ಪೇಟೆಯಲ್ಲಿ ಉಲ್ಲನ್ ಎಂದು ಸಿಗುವ ಹೆಚ್ಚಿನದೆಲ್ಲ ಅಕ್ರಿಲಿಕ್, ಕಾವಿಗೆ ಚಪ್ಪಟೆಯಾಗಿ ಜೀವ ಕಳೆದುಕೊಳ್ಳುತ್ತದೆ. ಆ ಉಲ್ಲನ್ನಿನಲ್ಲಿ ಮಗಳಿಗೆ ಹೊಸದಾಗಿ ಏನು ಬೇಕು ಎಂದು ಮಗಳನ್ನೇ ಕೇಳಿ. ಎಂಟನೇ ಕ್ಲಾಸಿನ ಹುಡುಗಿಗೆ ಅಮ್ಮ ಆರಿಸಿದ ಬಣ್ಣ ಹಿಡಿಸದೆ ಇರಬಹುದು. ಚೌಕ ಜೋಡಿಸುವ ಕೆಲಸವನ್ನೂ ಅವಳಿಗೆ ಕೊಡಬಹುದು, ಆದರೆ ಅವಳಿಗೆ ಇಷ್ಟವಿದ್ದರೆ ಮಾತ್ರ. ಅವಳ ತಮ್ಮನಿಗೂ ಕಲಿಸಿ, ಹುಡುಗರ ಬೆರಳೂ ಓಡುತ್ತವೆ. ತೋರಣಕ್ಕೆ ಅವಸರವೇನೂ ಇಲ್ಲ, ಅದು ನಿಮ್ಮ ಖುಷಿಯದು, ಟ್ರಂಕಿನಲ್ಲಿ ಇನ್ನೂ ಹತ್ತು ವರ್ಷ ಇರಲಿ. ಅದಕ್ಕೆ ಯಾರಿಗೂ ಉತ್ತರ ಕೊಡಬೇಕಿಲ್ಲ.

ಉಳಿದದ್ದು ಅತ್ತೆಯ ಶಾಲು, ಯಜಮಾನರ ಸ್ವೆಟರು. ಇವೆರಡೇ ನಿಮ್ಮ ನಿಜವಾದ ಬಾಕಿ. ಶಾಲನ್ನು ಮೊದಲು ಮುಗಿಸಿ. ಅದಕ್ಕೆ ತೋಳಿಲ್ಲ, ಅಳತೆ ತಪ್ಪುವ ಭಯವಿಲ್ಲ, ಸೀದಾ ಉಲ್ಟಾ ಹಾಕುತ್ತ ಹೋದರಾಯಿತು. ಮಾವಿನಕೆರೆ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಧನುರ್ಮಾಸದ ಬೆಳಗಿನಲ್ಲಿ ವಯಸ್ಸಾದವರಿಗೆ ಅದು ಬೇಕಾಗುತ್ತದೆ. ನೆಂಟರ ಮುಂದೆ ನಗುವವರು ಅದನ್ನೇ ಹೊದ್ದುಕೊಂಡು ನಗಲಿ. ನಗಬೇಡಿ ಎಂದು ಅವರಿಗೆ ಹೇಳುವ ಮನಸ್ಸಿದ್ದರೆ ನೆಂಟರಿಲ್ಲದಾಗ, ಇಬ್ಬರೇ ಇದ್ದಾಗ ಹೇಳಿ: “ಅತ್ತೆ, ಮನೇಲಿ ನೀವೇನಂದ್ರೂ ಅನ್ನಿ, ಬಂದೋರ ಮುಂದೆ ಅಂದ್ರೆ ನಂಗೆ ಬೇಜಾರಾಗುತ್ತೆ.” ಇಷ್ಟು ಸಾಕು. ಬಹಳ ಅತ್ತೆಯರಿಗೆ ತಾವು ನೋಯಿಸುತ್ತಿದ್ದೇವೆ ಎಂದು ಗೊತ್ತೇ ಇರುವುದಿಲ್ಲ. ಗೊತ್ತಿದ್ದೂ ಅನ್ನುವವರಾದರೆ ಆ ಮಾತು ಬೇರೆ, ಅದಕ್ಕೆ ಇನ್ನೊಂದು ಪತ್ರ ಬರೆಯಿರಿ.

ಯಜಮಾನರ ಸ್ವೆಟರಿನ ವಿಷಯದಲ್ಲಿ ಕಡ್ಡಿ ಮುಟ್ಟುವ ಮೊದಲು ಅವರನ್ನೊಂದು ಮಾತು ಕೇಳಿ: ಇದು ಮುಗಿದರೆ ಹಾಕಿಕೊಳ್ತೀರಾ? ಡೈರಿಗೆ, ಹೊಲಕ್ಕೆ ಜಾಕೆಟ್ಟೇ ಸಾಕು ಅಂದರೆ ಬಿಚ್ಚಿ ಮಗನಿಗೆ ಮಾಡಿ, ಬೇಜಾರು ಮಾಡಿಕೊಳ್ಳಬೇಡಿ. ಬೇಕು ಅಂದರೆ ಆಗ ನೀವು ಕೇಳುವ ಸರದಿ. ಸಂಜೆ ಹಾಲು ಅವರದು, ಹಗಲಲ್ಲಿ ಅರ್ಧ ಗಂಟೆ ನಿಮ್ಮದು. ಎಲ್ಲರೂ ಮಲಗಿದ ಮೇಲಿನ ಕಳ್ಳಹೊತ್ತು ಬೇಡ. ಕಣ್ಣಿಗೂ ಕೈಗೂ ಅದೇ ಶತ್ರು. ಊಟವಾದ ಮೇಲೆ ಜಗಲಿಯಲ್ಲಿ, ಬೆಳಕಿನಲ್ಲಿ, ನಾಲ್ಕು ಜನ ನೋಡುವ ಹಾಗೆ ಕೂತು ಹೆಣೆಯಿರಿ. ಹತ್ತು ನಿಮಿಷಕ್ಕೊಮ್ಮೆ ಕಡ್ಡಿ ಇಟ್ಟು ಬೆರಳು ಬಿಡಿಸಿ. ವರ್ಷದ ಲೆಕ್ಕವನ್ನೂ ಹೀಗೇ ಮಾಡಬಹುದು. ಮದುವೆ ಹಂಗಾಮಿನಲ್ಲಿ, ಶ್ರಾವಣದ ಮುಂಚೆ ಕುಚ್ಚಿನ ಸೀರೆ ರಾಶಿ ಬೀಳುವಾಗ ಉಲ್ಲನ್ ಮುಟ್ಟಲೇಬೇಡಿ, ಅದಕ್ಕೆ ಬೇಸರಿಸಲೂ ಬೇಡಿ. ಆಷಾಢದ ಮೊದಲ ದಿನಗಳು, ಆಮೇಲೆ ಧನುರ್ಮಾಸ, ಮದುವೆಗಳಿಲ್ಲದ ಈ ಹೊತ್ತು ಉಲ್ಲನ್ನಿನದು.

ಗೃಹಲಕ್ಷ್ಮಿ ದುಡ್ಡು ನಿಮ್ಮ ಖಾತೆಗೆ ಬರುವುದು, ಅದರಲ್ಲಿ ಉಲ್ಲನ್ ತಂದದ್ದಕ್ಕೆ ತಲೆ ತಗ್ಗಿಸಬೇಕಿಲ್ಲ. ನನ್ನ ತಕರಾರು ಬೇರೆ. ಒಂದೊಂದೇ ಉಂಡೆ ತರಬೇಡಿ. ಮುಂದಿನ ತಿಂಗಳು ಹೋದಾಗ ಅದೇ ಬಣ್ಣದ ಅದೇ ಲಾಟ್ ಸಿಗುವುದಿಲ್ಲ, ತೋಳಿನ ಬಣ್ಣ ಒಡಲಿಗಿಂತ ಒಂದು ಛಾಯೆ ಬೇರೆಯಾಗುತ್ತದೆ. ನಿಮ್ಮ ಟ್ರಂಕಿನಲ್ಲಿ ಎಷ್ಟು ಕೆಲಸ ಹೀಗೆ ನಿಂತಿವೆಯೋ ನೋಡಿಕೊಳ್ಳಿ. ಒಂದು ಸ್ವೆಟರಿಗೆ ಬೇಕಾದಷ್ಟನ್ನೂ ಒಟ್ಟಿಗೇ ತಂದು, ಉಂಡೆಯ ಮೇಲಿನ ಚೀಟಿಯನ್ನು ಜೊತೆಗೇ ಪಿನ್ ಮಾಡಿಡಿ.

ಇಷ್ಟು ಮಾಡಿಯೂ ನಿದ್ದೆ ಬಾರದೆ, ಕಡ್ಡಿ ಹಿಡಿಯುವುದಿರಲಿ ಯಾವುದೂ ಬೇಡವೆನಿಸಿ ವಾರಗಟ್ಟಲೆ ಹಾಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರದಲ್ಲಿ ನನಗೆ ಅಂಥದ್ದು ಕಾಣಲಿಲ್ಲ. ಮತ್ತೆ ಉಲ್ಲನ್ ತಂದಿದ್ದೀರಿ ಎಂದರೆ ಆಸೆ ಬತ್ತಿಲ್ಲ. ಆದರೆ ಆ ಹೊಸ ಉಂಡೆಗಳನ್ನು ಸದ್ಯಕ್ಕೆ ತೆಗೆಯಬೇಡಿ, ಶಾಲು ಮುಗಿಯಲಿ. ಮೊದಲು ಕೈ ತೋರಿಸಿಕೊಂಡು ಬನ್ನಿ, ಡಾಕ್ಟರ್ ಏನೆಂದರು ಎಂದು ನನಗೆ ಬರೆದು ತಿಳಿಸಿ.