ಹಸಿ ಮಣ್ಣಿಗೆ ಹೇಳುವ ಮಾತು



ಬೇಸಿಗೆ ಶಿಬಿರದಲ್ಲಿ ಕೈಯಾರೆ ಮಾಡಿದ ಕುಡಿಕೆಯೊಂದನ್ನು ಮಗಳು ತಂದು ನಿಮ್ಮ ಮುಂದೆ ಇಡುತ್ತಾಳೆ. ಅದರ ಬಾಯಿ ಒಂದು ಕಡೆಗೆ ವಾಲಿದೆ. 'ಇದೇನು ಸೊಟ್ಟ ಮಡಕೆ!' ಎಂದು ನೀವು ನಕ್ಕರೆ ಅವಳು ಮತ್ತೆ ಮಣ್ಣು ಮುಟ್ಟಲಿಕ್ಕಿಲ್ಲ. 'ಬಹಳ ಚೆನ್ನಾಗಿದೆ' ಎಂದು ಬರಿದೇ ಹೊಗಳಿದರೆ ಅವಳು ಕಲಿಯುವುದು ಏನೂ ಇಲ್ಲ. ಪ್ರೀತಿಯೂ ಸತ್ಯವೂ ಕೂಡಿದ ಮಾತನ್ನು ಆಡುವುದು ಹೇಗೆ?

1. ಮೊದಲು ಕೇಳಿರಿ. 'ಇದನ್ನು ಯಾವುದಕ್ಕೆಂದು ಮಾಡಿದೆ, ಮಗಳೇ?' ಹೊಳಪು ಹಚ್ಚದ ನೀರಿನ ಹೂಜಿಯ ಮೈ ಬೆವರುತ್ತದೆ. ಅದನ್ನು ಸೋರಿಕೆ ಎಂದು ಹಳಿಯಬಾರದು. ಹಾಗೆ ಜಿನುಗಿದ ನೀರು ಆರುವುದರಿಂದಲೇ ಒಳಗಿನ ನೀರು ತಂಪಾಗುತ್ತದೆ. ಎಣ್ಣೆ ತುಂಬಿಡುವ ಕುಡಿಕೆಯಲ್ಲಾದರೆ ಅದೇ ಜಿನುಗು ದೋಷ. ಉದ್ದೇಶ ತಿಳಿಯದೆ ಗುಣದೋಷ ಹೇಳಲಾಗದು.

2. ಮಡಕೆಯ ಬಗ್ಗೆ ಮಾತನಾಡಿರಿ, ಮಗುವಿನ ಬಗ್ಗೆ ಬೇಡ. 'ನಿನ್ನ ಕೈಯಲ್ಲಿ ಆಗುವ ಕೆಲಸವಲ್ಲ' ಎಂಬುದು ತೀರ್ಪು. ಅದರ ಬದಲು ಹೀಗೆ ಹೇಳಿ ನೋಡಿರಿ: 'ಅಂಚು ಎಷ್ಟು ನುಣುಪಾಗಿದೆ! ಆದರೆ ತಳ ದಪ್ಪವಾಯಿತು. ತೆಳ್ಳಗಿನ ಭಾಗ ಬೇಗ ಒಣಗಿ ಕುಗ್ಗುತ್ತದೆ, ದಪ್ಪ ಭಾಗ ತಡವಾಗಿ ಒಣಗುತ್ತದೆ. ಬಿರುಕು ಬರುವುದು ಆಗಲೇ. ಮುಂದಿನದಕ್ಕೆ ಏನು ಮಾಡೋಣ?' ಮೆಚ್ಚಬೇಕಾದದ್ದು, ತಿದ್ದಬೇಕಾದದ್ದು, ಅದರ ಕಾರಣ ಎಲ್ಲವೂ ಈ ಮಾತಿನಲ್ಲಿವೆ. ಒಮ್ಮೆಗೆ ಒಂದೇ ದೋಷ ಸಾಕು.

3. ಸಮಯ ನೋಡಿರಿ. ಹಸಿ ಮಡಕೆಯನ್ನು ಮತ್ತೆ ಕಲಸಬಹುದು. ಪೂರ್ತಿ ಒಣಗಿದ್ದರೂ ನೀರಿನಲ್ಲಿ ನೆನೆಸಿದರೆ ತಿರುಗಿ ಮಣ್ಣಾಗುತ್ತದೆ. ಆದರೆ ಆವಿಗೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದ ಮೇಲೆ ಅದು ಎಂದೂ ಮಣ್ಣಾಗದು. ಒಳಗೆ ತೇವ ಉಳಿದಿದ್ದರೆ ಬೆಂಕಿಯಲ್ಲಿ ಅದು ಆವಿಯಾಗಿ ಮಡಕೆಯನ್ನೇ ಸಿಡಿಸುತ್ತದೆ. 'ಇನ್ನೂ ನಾಲ್ಕು ದಿನ ನೆರಳಿನಲ್ಲಿ ಒಣಗಲಿ' ಎಂಬ ಮಾತು ಸುಡುವ ಮೊದಲು ಬರಬೇಕು. ಸುಟ್ಟ ಮೇಲೆ ಹೇಳುವುದೆಲ್ಲ ಮುಂದಿನ ಮಡಕೆಗೆ.

ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಈ ಎರಡೂ ಇವೆ. 18ನೇ ಅಧ್ಯಾಯದಲ್ಲಿ ಕುಂಬಾರನು ಕೈಯಲ್ಲಿ ಕೆಟ್ಟ ಪಾತ್ರೆಯ ಮಣ್ಣನ್ನು ಎಸೆಯುವುದಿಲ್ಲ, ಅದರಿಂದಲೇ ಬೇರೊಂದನ್ನು ಮಾಡುತ್ತಾನೆ. 19ನೇ ಅಧ್ಯಾಯದಲ್ಲಿ ಪ್ರವಾದಿ ಒಡೆಯುವ ಮಣ್ಣಿನ ಪಾತ್ರೆಯನ್ನು ಮತ್ತೆ ಸರಿಪಡಿಸಲಾಗದು. ಮೊದಲನೆಯದು ಇನ್ನೂ ಹಸಿಯಾಗಿತ್ತು.

ನಮ್ಮ ಮಕ್ಕಳ ಮನಸ್ಸೂ ಇನ್ನೂ ಹಸಿಯಾಗಿಯೇ ಇದೆ. ಅದರ ಮೇಲೆ ಮೂಡುವುದು ನಮ್ಮ ಬೆರಳಚ್ಚು.

ಈ ವಾರ ಮನೆಯಲ್ಲಿ: ಮಗು ತನ್ನ ಕೈಯಿಂದ ಮಾಡಿದ ಒಂದು ವಸ್ತುವನ್ನು ಎತ್ತಿಕೊಂಡು, ತಿರುಗಿಸಿ, ನಿಧಾನವಾಗಿ ನೋಡಿರಿ. ಒಂದು ಪ್ರಶ್ನೆ ಕೇಳಿರಿ, ಒಂದು ಮೆಚ್ಚುಗೆ ಹೇಳಿರಿ, ಒಂದು ತಿದ್ದುಪಡಿ ಸೂಚಿಸಿರಿ. ಆಮೇಲೆ ಅದನ್ನು ಎಲ್ಲರಿಗೂ ಕಾಣುವಲ್ಲಿ ಇಡಿರಿ.