ಬೋರ್ ಒಂದೇ ಆದರೂ ತೋಟಾ ಬೇರೆ

ದಬ್ಬೇಘಟ್ಟದ ನಮ್ಮ ದೊಡ್ಡಪ್ಪ ತೆಂಗಿನ ತೋಟ ಕಾಯಲು ಇಟ್ಟುಕೊಂಡಿದ್ದ ಜೋಡಿ ನಳಿಕೆಯ 12 ಬೋರ್ ಬಂದೂಕು ಅವರ ಮಗನ ಹೆಸರಿಗೆ ಬಂತು. ಹೊಸ ಲೈಸೆನ್ಸು ಹಿಡಿದು ಅಣ್ಣ ತೋಟಾ ಕೊಳ್ಳಲು ಹೊರಟಾಗ ಬಂದೂಕು ರಿಪೇರಿಯ ಹಿರಿಯರೊಬ್ಬರು ತಡೆದರು. ‘ನಳಿಕೆ ಬಿಚ್ಚಿ ಅಡಿಯಲ್ಲಿ ಏನು ಕೊರೆದಿದೆ ನೋಡಿದ್ದೀಯೇನಪ್ಪಾ?’ ಎಂದು ಕೇಳಿದರು. ಅಲ್ಲಿದ್ದದ್ದು ಎರಡೂವರೆ ಇಂಚು.

ಅಂದರೆ ಆ ಬಂದೂಕಿಗೆ 65 ಮಿಲಿಮೀಟರಿನ ತೋಟಾ ಮಾತ್ರ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 70 ಮಿಲಿಮೀಟರಿನದು. ಅಪಾಯ ಇರುವುದು ಇಲ್ಲೇ: 70ರ ತೋಟಾ ಹಳೆಯ ಚೇಂಬರಿನೊಳಗೆ, ಅಂದರೆ ನಳಿಕೆಯ ಬುಡದಲ್ಲಿ ತೋಟಾ ಕೂರುವ ಜಾಗದೊಳಗೆ, ಸಲೀಸಾಗಿ ಕೂರುತ್ತದೆ. ಡಬ್ಬಿಯ ಮೇಲಿನ ಅಳತೆ ಹಾರಿದ ನಂತರದ ಉದ್ದ. ಹಾರುವ ಮುಂಚೆ ಅದರ ಬಾಯಿ ಒಳಕ್ಕೆ ಮಡಚಿರುತ್ತದೆ. ಕುದುರೆ ಎಳೆದಾಗ ಮಡಿಕೆ ಬಿಚ್ಚಿಕೊಂಡು, ನಳಿಕೆ ಕಿರಿದಾಗುವ ಕಡೆಗೆ ಚಾಚುತ್ತದೆ. ಛರ್ರೆಗಳಿಗೆ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಇನ್ನೂ ಭಯಂಕರವಾದದ್ದು 20 ಬೋರಿನ ತೋಟಾ. ಅದು 12ರ ಚೇಂಬರ್ ದಾಟಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿಯೆಂದು ತಿಳಿದು ಹಿಂದಿನಿಂದ ಇನ್ನೊಂದು ಹಾಕಿ ಹೊಡೆದರೆ ನಳಿಕೆಯೇ ಸಿಡಿಯುತ್ತದೆ. ಅದಕ್ಕೇ 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವ ಪದ್ಧತಿ ಬಂದಿದೆ.

ಕೈಬಂದೂಕಿನಲ್ಲೂ ಇದೇ ಕಥೆ. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ತಂದ ‘ನಿರ್ಭೀಕ್’ ರಿವಾಲ್ವರೂ .32, ‘ಅಶನಿ’ ಪಿಸ್ತೂಲೂ .32. ಆದರೆ ರಿವಾಲ್ವರಿನ ತೋಟಾದ ಕೋಶ 23 ಮಿಲಿಮೀಟರ್, ಪಿಸ್ತೂಲಿನದು 17. ರಿವಾಲ್ವರಿನದಕ್ಕೆ ಬುಡದಲ್ಲಿ ಅಗಲವಾದ ಅಂಚಿದೆ, ಅದರ ಮೇಲೆಯೇ ಅದು ಚೇಂಬರಿನಲ್ಲಿ ನಿಲ್ಲುತ್ತದೆ. ಪಿಸ್ತೂಲಿನದಕ್ಕೆ ಅಂಚು ತೀರಾ ಕಿರಿದು. ಅಂಗಡಿಯಲ್ಲಿ ‘.32 ಕೊಡಿ’ ಎಂದರೆ ಸಾಲದು.

ಇದು ಅಂಗಡಿಯಲ್ಲಿ ಕೊಳ್ಳುವ ತೋಟಾದ ಮಾತು. ಅಮೆರಿಕದಲ್ಲಿ ಹವ್ಯಾಸಿಗಳು ಹಾರಿಸಿದ ಕೋಶಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಾರೆ. ಒಂದೇ ಬೋರಿನ ಎರಡು ಪಿಸ್ತೂಲುಗಳ ಚೇಂಬರುಗಳಲ್ಲೂ ಕೂದಲೆಳೆಯಷ್ಟು ವ್ಯತ್ಯಾಸ ಇರುವುದರಿಂದ, ಒಂದರಲ್ಲಿ ಸರಾಗವಾಗಿ ಕೂತ ತೋಟಾ ಇನ್ನೊಂದರಲ್ಲಿ ಸಿಕ್ಕಿಕೊಳ್ಳುವುದುಂಟು. ತೋಟಾವನ್ನು ಎಲ್ಲಕ್ಕಿಂತ ಬಿಗಿಯಾದ ಚೇಂಬರಿಗೆ ಹೊಂದುವಂತೆ ಮಾಡುವುದೇ ಅಲ್ಲಿನ ಅನುಭವಿಗಳ ಕ್ರಮ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು. 2019ರ ತಿದ್ದುಪಡಿಯ ಮೇಲೆ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಸೆರೆವಾಸ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸು ಮನೆಯಲ್ಲಿ ತೋಟಾ ತುಂಬುವುದಕ್ಕೆ ಅನುಮತಿಯಲ್ಲ. ಈ ಕಟ್ಟುನಿಟ್ಟು ನನಗೆ ಸರಿ ಅನ್ನಿಸುತ್ತದೆ. ಮದ್ದು ಒಂದಿಷ್ಟು ಹೆಚ್ಚಾದರೂ ಹೋಗುವುದು ಹಾರಿಸಿದವನ ಬೆರಳು, ಕಣ್ಣು.

ಅಣ್ಣ 65ರ ತೋಟಾ ಹುಡುಕಿಸಿ ತಂದ. ಅಳತೆಯನ್ನು ಚೀಟಿಯಲ್ಲಿ ಬರೆದು ಲೈಸೆನ್ಸು ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಅಪ್ಪನ ಕಾಲದ ಬಂದೂಕು ನಿಮ್ಮ ಹೆಸರಿಗೂ ಬಂದಿದ್ದರೆ, ಮೊದಲ ತೋಟಾ ಕೊಳ್ಳುವ ಮುನ್ನ ಪರವಾನಗಿ ಇರುವ ರಿಪೇರಿಯವರಿಂದ ಚೇಂಬರಿನ ಅಳತೆ ತೆಗೆಸಿ.